ಹೇಳಿದಳೋ, ಹೇಳಿದರೋ

ಧಾರವಾಡದ ಹಾಸ್ಟೆಲಿನಲ್ಲಿ ನನಗೊಬ್ಬ ತಾಂಜಾನಿಯಾದ ಗೆಳೆಯನಿದ್ದಾನೆ. ನಾನು ಅವನಿಗೆ ಕನ್ನಡ, ಅವನು ನನಗೆ ಸ್ವಾಹಿಲಿ ಕಲಿಸುವುದೆಂದು ಒಪ್ಪಂದ. ಮೊದಲ ಪಾಠ ಕ್ರಿಯಾಪದ. 'ಸೇಮ' ಎಂದರೆ ಹೇಳು. 'ನಿಲಿಸೇಮ' ನಾನು ಹೇಳಿದೆ, 'ಉಲಿಸೇಮ' ನೀನು ಹೇಳಿದಿ. ನಡುವಿನ 'ಲಿ' ಭೂತಕಾಲ. ಅದರ ಜಾಗದಲ್ಲಿ 'ನ' ಇಟ್ಟರೆ ವರ್ತಮಾನ, 'ತ' ಇಟ್ಟರೆ ಭವಿಷ್ಯ. ನಮ್ಮ ಕ್ರಿಯಾಪದದ ಬಾಲದಲ್ಲಿರುವ ಕರ್ತೃ ಅಲ್ಲಿ ತಲೆಯಲ್ಲಿದ್ದಾನೆ.

'ಅಲಿಸೇಮ' ಬಂದಾಗ ಕೇಳಿದೆ: ಹೇಳಿದನೋ, ಹೇಳಿದಳೋ, ಹೇಳಿದರೋ? ಒಬ್ಬರೇ ಆದರೆ ಮೂರೂ ಅದೇ ಅಂದ.

ಆ ರಾತ್ರಿ ನಿಪ್ಪಾಣಿಯ ಟಿಪ್ಪಣಿಗಳನ್ನು ತೆಗೆದೆ. ಬೀಡಿ ಕಟ್ಟುವ ಹೆಂಗಸರ ಕುರಿತು ನನ್ನ ಸಂಶೋಧನೆ. ಬೀಡಿ ಎಣಿಸಿಕೊಳ್ಳುವ ಗುಮಾಸ್ತ ನನ್ನದೇ ವಯಸ್ಸಿನವನು, ಸಾಲುಸಾಲಿಗೂ 'ಹೇಳಿದರು'. ಅರವತ್ತು ದಾಟಿದ ಹೆಂಗಸು, ಸಾಲುಸಾಲಿಗೂ 'ಹೇಳಿದಳು'. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ. ಕನ್ನಡದಲ್ಲಿ ವಾಕ್ಯ ಮುಗಿಯಬೇಕಾದರೆ ಎದುರಿನವರನ್ನು ಎಲ್ಲಿ ಕೂರಿಸುತ್ತೇನೆಂದು ತೀರ್ಮಾನಿಸಲೇಬೇಕು, ನಿಜ. ಆದರೆ ಎಲ್ಲಿ ಎಂಬುದನ್ನು ವ್ಯಾಕರಣ ಹೇಳಿಕೊಡುವುದಿಲ್ಲ. ಅದು ನನ್ನದೇ ಕೆಲಸವಾಗಿತ್ತು.

ವ್ಯಾಕರಣ ಕೇಳಿದ್ದನ್ನೆಲ್ಲ ಜನ ಕೊಡುವುದೂ ಇಲ್ಲ. ಪುಸ್ತಕದ ಮರಾಠಿಯಲ್ಲಿ 'ಹೋಗುತ್ತೇನೆ' ಎನ್ನಲು ಗಂಡಸು 'ಜಾತೊ', ಹೆಂಗಸು 'ಜಾತೆ' ಅನ್ನಬೇಕು. ನಮ್ಮ ಪಕ್ಕದ ಕೊಲ್ಹಾಪುರದ ಕಡೆ ಎಷ್ಟೋ ಹೆಂಗಸರು ಹಾಯಾಗಿ 'ಜಾತೊ' ಅಂದುಬಿಡುತ್ತಾರೆ.

ಎಲ್ಲ 'ಳು'ಗಳನ್ನೂ 'ರು' ಮಾಡಿದೆ. ಅದೇ ಹುಮ್ಮಸ್ಸಿನಲ್ಲಿ ಚಿಕ್ಕೋಡಿ ಹತ್ತಿರದ ನಮ್ಮೂರಿಗೆ ಹೋಗಿ, ಹೊಲದ ಕೆಲಸಕ್ಕೆ ಬರುವ ಆಯಿಗೆ 'ಬರ್ರಿ, ಕೂಡ್ರಿ' ಅಂದೆ. ನನ್ನನ್ನು ಎತ್ತಿ ಆಡಿಸಿದವಳು. ಮುಖ ಸಣ್ಣದಾಯಿತು. "ಯಾಕಪಾ, ನಾ ಹೊರಗಿನಾಕಿ ಆದ್ನೇನ?"

ಅವ್ವನಿಗೂ ನಾನು 'ಬಾ' ಅನ್ನುವುದೇ. ಆದರೆ ಅವ್ವನ ತಾಟಿನಲ್ಲಿ ಉಂಡಿದ್ದೇನೆ. ಆಯಿ ಚಹಾ ಕುಡಿಯುವುದು ಇವತ್ತಿಗೂ ಹಿತ್ತಲಲ್ಲಿ, ಗೂಡಿನಲ್ಲಿಟ್ಟ ಬೇರೆ ಕಪ್ಪಿನಲ್ಲಿ. ಎರಡು 'ಬಾ'ಗಳಿಗೂ ಪ್ರತ್ಯಯದಲ್ಲಿ ವ್ಯತ್ಯಾಸವಿಲ್ಲ. ಇಷ್ಟು ವರ್ಷ ಆ ಕಪ್ಪು ನನಗೆ ಕಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗೆಳೆಯ ಕೇಳಿ ನಕ್ಕ. ಅವರೂರಿನಲ್ಲೂ ಹಿರಿಯರಿಗೆ 'ಶಿಕಮೂ' ಅನ್ನದ ಹುಡುಗ ಮರ್ಯಾದೆಗೆಟ್ಟವನಂತೆ. ಕ್ರಿಯಾಪದ ಕೇಳದೆ ಬಿಟ್ಟಿದ್ದನ್ನು ಅಲ್ಲಿ ನಮಸ್ಕಾರ ಕೇಳುತ್ತದೆ.

ಪ್ರಬಂಧದಲ್ಲಿ 'ರು' ಉಳಿಸಿಕೊಂಡಿದ್ದೇನೆ. ಆಯಿಗೆ ಮತ್ತೆ 'ಬಾ' ಅನ್ನುತ್ತೇನೆ. ಹೋದ ತಿಂಗಳು ಅಡುಗೆಮನೆಯ ಕಪ್ಪಿನಲ್ಲೇ ಚಹಾ ಕೊಟ್ಟೆ. ಕುಡಿದಳು. ಆಮೇಲೆ ಅದನ್ನು ತಾನೇ ತೊಳೆದು, ಹಿತ್ತಲ ಗೂಡಿನಲ್ಲಿ ತನ್ನ ಕಪ್ಪಿನ ಪಕ್ಕ ಇಟ್ಟುಹೋದಳು.