ಅನ್ನದ ಬೆಲೆಯೂ ಅನ್ನದ ಋಣವೂ

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂದು ಕನ್ನಡದ ಗಾದೆಯೊಂದು ವಿಧಿಸುತ್ತದೆ. ಗಾದೆಯ ಮನಸ್ಸಿನಲ್ಲಿರುವುದು ಮನೆಯ ಪಂಕ್ತಿ: ಇಕ್ಕುವವನು ಗೃಹಸ್ಥ, ಉಣ್ಣುವವನು ಅತಿಥಿ, ಇಬ್ಬರ ನಡುವೆ ಹಣದ ಮಾತಿಲ್ಲ. ಹಣವಿಲ್ಲದ ಎಡೆಯಲ್ಲಿ ಋಣವು ಉಳಿಯುವುದು ಸಹಜ. ಆದರೆ ಅನ್ನವು ಅಂಗಡಿಯ ವಸ್ತುವಾದ ಮೇಲೆ ಈ ಗಾದೆಗೆ ಸ್ಥಾನವುಂಟೆ? ಕೇಳಿದ ಬೆಲೆಯನ್ನು ಕೇಳಿದಷ್ಟೇ ಕೊಟ್ಟು, ಬೀದಿಯಲ್ಲಿ ನಿಂತು ತಿಂದು, ಬಾಯೊರಸಿಕೊಂಡು ಮುಂದೆ ನಡೆದವನು ಅಡುಗೆ ಮಾಡಿದವನಿಗೆ ಇನ್ನೇನನ್ನಾದರೂ ಸಲ್ಲಿಸಬೇಕಾಗಿದೆಯೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಮನುಷ್ಯನು ದಿನಕ್ಕೆರಡು ಬಾರಿ ಮಾಡುವ ಕಾರ್ಯದಲ್ಲಿ ಅಡಗಿರುವ ಧರ್ಮಪ್ರಶ್ನೆಯು ಜನ್ಮಕ್ಕೊಮ್ಮೆ ಒದಗುವ ಧರ್ಮಸಂಕಟಕ್ಕಿಂತ ಹಗುರವಾದುದೆಂದು ಹೇಳಲಾಗದು.

ಈ ಪ್ರಶ್ನೆಯನ್ನು ಉಜ್ಜಿ ನೋಡುವುದಕ್ಕೆ ಚೀನಾ ದೇಶದ ಷಿಯಾನ್ ನಗರದ ಸಂಜೆ ಒಂದು ಒಳ್ಳೆಯ ಒರೆಗಲ್ಲು. ಪ್ರಾಚೀನ ಕಾಲದಲ್ಲಿ ಚಾಂಗಾನ್ ಎಂದು ಪ್ರಸಿದ್ಧವಾಗಿದ್ದ ರಾಜಧಾನಿಯೇ ಇಂದಿನ ಷಿಯಾನ್. ಮಿಂಗ್ ಅರಸರ ಕಾಲದಲ್ಲಿ ಕಟ್ಟಿದ, ಸುಮಾರು 13.7 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಈಗಲೂ ನಗರದ ನಡುಭಾಗವನ್ನು ಬಳಸಿ ನಿಂತಿದೆ. ಅದರೊಳಗೆ, 1380ರಲ್ಲಿ ಎತ್ತಿದ ನಗಾರಿ ಗೋಪುರದ ಉತ್ತರಕ್ಕೆ, ಹ್ವೇ ಎಂಬ ಚೀನೀ ಮುಸಲ್ಮಾನರ ಕೇರಿಯುಂಟು. ಸಂಜೆಯಾಗುತ್ತಲೆ ಅಲ್ಲಿ ಒಲೆಗಳು ಹೊತ್ತಿಕೊಳ್ಳುತ್ತವೆ. ಮಾರ್ಗದರ್ಶಕನೊಬ್ಬನು ಹತ್ತಾರು ಮಂದಿ ಪರದೇಶದವರನ್ನು ಕೂಡಿಸಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಸುತ್ತಾನೆ. ಇಲ್ಲಿ ಜೀರಿಗೆ ಉದುರಿಸಿ ಕೆಂಡದ ಮೇಲೆ ಸುಟ್ಟ ಕುರಿಮಾಂಸದ ಕಡ್ಡಿ, ಅಲ್ಲಿ ಅಂಟಕ್ಕಿಯನ್ನೂ ಬೋರೆಹಣ್ಣನ್ನೂ ಪದರ ಪದರವಾಗಿ ಇಟ್ಟು ಹಬೆಯಲ್ಲಿ ಬೇಯಿಸಿದ ಸಿಹಿ, ಮುಂದೆ ಪರ್ಸಿಮನ್ ಹಣ್ಣಿನ ಕರಿದ ಬಿಲ್ಲೆ, ಅದರಾಚೆ ದಾಳಿಂಬೆಯ ರಸ. ಪ್ರತಿಯೊಂದರಲ್ಲಿ ಒಂದೊಂದು ತುತ್ತು; ಅಷ್ಟರಲ್ಲಿ ಮುಂದಿನ ಅಂಗಡಿ. ಹಣವನ್ನು ಮೊದಲೇ ಮಾರ್ಗದರ್ಶಕನಿಗೆ ಸಲ್ಲಿಸಿರುವುದರಿಂದ ಉಣ್ಣುವವನ ಕೈ ಬೇಯಿಸಿದವನ ಕೈಯನ್ನು ಮುಟ್ಟುವ ಪ್ರಸಂಗವೇ ಬಾರದು.

ಇಂತಹ ಸಂಜೆಯು ಆ ನಗರಕ್ಕೆ ಸುಲಭವಾಗಿ ದೊರೆತುದಲ್ಲ. ಕ್ರಿ. ಶ. 618ರಿಂದ 907ರ ವರೆಗೆ ಆಳಿದ ತಾಂಗ್ ಅರಸರ ಚಾಂಗಾನ್ ನೂರಕ್ಕೂ ಮಿಕ್ಕ ಕೇರಿಗಳ ನಗರ. ಒಂದೊಂದು ಕೇರಿಗೂ ಸುತ್ತುಗೋಡೆ, ಬಾಗಿಲು. ಪೇಟೆಗಳು ನಡುಹಗಲಿನಲ್ಲಿ 300 ನಗಾರಿಯ ಪೆಟ್ಟಿಗೆ ತೆರೆದು, ಸೂರ್ಯಾಸ್ತಕ್ಕೆ ಮುಂಚೆ 300 ಜಾಗಟೆಯ ಪೆಟ್ಟಿಗೆ ಮುಚ್ಚತಕ್ಕದ್ದೆಂದು ಶಾಸನವಿತ್ತು. ಕೇರಿಯ ಬಾಗಿಲು ಮುಚ್ಚಿದ ಮೇಲೆ ಕಾರಣವಿಲ್ಲದೆ ರಾಜಬೀದಿಯಲ್ಲಿ ತಿರುಗಿದವನಿಗೆ 20 ಪೆಟ್ಟುಗಳ ಶಿಕ್ಷೆ. ಇದರ ಬಿಗಿ ಸಡಲಿದುದು ಕ್ರಮಕ್ರಮವಾಗಿ. 965ರಲ್ಲಿ ಸುಂಗ್ ವಂಶದ ಮೊದಲ ಚಕ್ರವರ್ತಿಯು ತನ್ನ ರಾಜಧಾನಿಯಾದ ಕೈಫೆಂಗಿನ ಇರುಳುಪೇಟೆಗಳನ್ನು ಸುಮಾರು ನಡುರಾತ್ರಿಯ ತನಕ ತಡೆಯಕೂಡದೆಂದು ಅಪ್ಪಣೆಮಾಡಿದನು. ಇಪ್ಪತ್ತನೆಯ ಶತಮಾನದಲ್ಲಿಯೂ ಸಣ್ಣ ವ್ಯಾಪಾರಿಗೆ ಒಂದು ಕತ್ತಲೆಯ ಕಾಲ ಬಂದಿತು. 1956ರ ವೇಳೆಗೆ ಖಾಸಗಿ ವ್ಯಾಪಾರವು ಬಹುಮಟ್ಟಿಗೆ ಸರ್ಕಾರದ ವಶವಾಯಿತು. 1978ರ ಸುಧಾರಣೆಗಳು ಮೊದಲಾದ ಮೇಲೆಯೇ ಬೀದಿಯ ಒಲೆಗಳಿಗೆ ಮತ್ತೆ ಉಸಿರು ಬಂದುದು. ಆದುದರಿಂದ ಕತ್ತಲಾದ ಮೇಲೆ ಒಬ್ಬನು ದೀಪ ಹಚ್ಚಿಕೊಂಡು ಅನ್ನ ಮಾರುವುದೂ ಮತ್ತೊಬ್ಬನು ನಿರ್ಭಯವಾಗಿ ನಿಂತು ಕೊಳ್ಳುವುದೂ ಅಲ್ಪಸ್ವಲ್ಪದ ಭಾಗ್ಯವಲ್ಲ. ಬೆಲೆಯ ಪಟ್ಟಿಯಲ್ಲಿ ಇದರ ಲೆಕ್ಕ ಬರೆದಿರುವುದಿಲ್ಲ.

ತಟ್ಟೆಯಲ್ಲಿರುವ ಪದಾರ್ಥಗಳ ಲೆಕ್ಕವೂ ಹೀಗೆಯೇ. ಜೀರಿಗೆಯು ಪಶ್ಚಿಮದ ಮರುಭೂಮಿಗಳನ್ನು ದಾಟಿ ಬಂದುದು. ಎಳ್ಳು ಹಚ್ಚಿ ಸುಟ್ಟ ರೊಟ್ಟಿಯನ್ನು ತಾಂಗ್ ಕಾಲದವರು ಪರದೇಶದ ರೊಟ್ಟಿಯೆಂದೇ ಕರೆಯುತ್ತಿದ್ದರು. ಮೆಣಸಿನಕಾಯಿಯು ಅಮೇರಿಕಾ ಖಂಡದಿಂದ ಹೊರಟು, ಹದಿನಾರನೆಯ ಶತಮಾನದಲ್ಲಿ ಭಾರತವನ್ನೂ ಅದೇ ಶತಮಾನದ ಕೊನೆಯ ವೇಳೆಗೆ ಚೀನಾವನ್ನೂ ಮುಟ್ಟಿತು. ಪರರ ಉಪಕಾರವಿಲ್ಲದೆ ಆ ಬೀದಿಯಲ್ಲಿ ಒಂದು ತುತ್ತೂ ಸಿದ್ಧವಾಗುವುದಿಲ್ಲ.

ಇದೆಲ್ಲವೂ ನಿಜವಾದರೂ ವ್ಯವಹಾರಜ್ಞನು ಸುಮ್ಮನಿರುವುದಿಲ್ಲ. ಅವನ ವಾದವನ್ನು ಅಲಕ್ಷಿಸಬಾರದು. ಅಂಗಡಿಯವನು ದಾನ ಮಾಡಲು ಕುಳಿತಿಲ್ಲ. ಅವನಿಗೆ ಬೇಕಾದುದು ಹಣ, ಕಣ್ಣೀರಲ್ಲ. ಬೇಗ ಕೊಂಡು ಬೇಗ ಸರಿದವನೇ ಅವನಿಗೆ ಒಳ್ಳೆಯ ಗಿರಾಕಿ. ಬೆಲೆಯೆಂಬುದು ಮನುಷ್ಯನನ್ನು ಕೃತಜ್ಞತೆಯ ಭಾರದಿಂದ ಬಿಡಿಸಿದ ಉಪಾಯ. ಅದರಿಂದಲೇ ಬಡವನೂ ತಲೆಯೆತ್ತಿ ಉಣ್ಣುವಂತಾಯಿತು. ಉಪ್ಪಿನ ಋಣವೆಂಬ ಮಾತಿನಿಂದ ಒಡೆಯರು ಆಳುಗಳನ್ನು ತಲೆತಲಾಂತರಕ್ಕೆ ಕಟ್ಟಿಹಾಕಿದುದನ್ನು ಮರೆಯಬಾರದು. ಕೊಂಡವನಿಗೂ ಮಾರಿದವನಿಗೂ ಲೆಕ್ಕ ಚುಕ್ತವಾಗುವುದೇ ನ್ಯಾಯ, ಎಂದು ಅವನ ವಾದ.

ಈ ವಾದದಲ್ಲಿ ಸತ್ಯಾಂಶವು ದೊಡ್ಡದು. ಹಂಗಿನ ಅನ್ನಕ್ಕಿಂತ ಕೊಂಡ ಅನ್ನ ಲೇಸೆಂಬುದನ್ನು ಯಾವ ಸ್ವಾಭಿಮಾನಿಯೂ ಅಲ್ಲಗಳೆಯಲಾರನು. ಆದರೆ ಬೆಲೆಯು ತೀರಿಸುವುದು ಏನನ್ನು? ಹಿಟ್ಟಿನ ಖರ್ಚು, ಸೌದೆಯ ಖರ್ಚು, ಬಾಡಿಗೆ, ಕೂಲಿ, ಲಾಭ, ಇಷ್ಟನ್ನು. ಹಿಟ್ಟಿನ ಹದವನ್ನು ಕೈಯಲ್ಲಿ ಉಳಿಸಿಕೊಂಡು ಬಂದ ತಲೆಮಾರುಗಳ ತಾಳ್ಮೆಯನ್ನು ಬೆಲೆ ಅಳೆಯಲಾರದು. ಅದನ್ನು ಹಣದಿಂದ ತೀರಿಸಲು ಬಾರದು. ತೀರಿಸಬೇಕೆಂದು ಯಾರೂ ಕೇಳುವುದೂ ಇಲ್ಲ. ಕೇಳುವವರಿಲ್ಲದ ಸಾಲವನ್ನು ಸಾಲವೆಂದು ಒಪ್ಪಿಕೊಳ್ಳುವುದೇ ಕೃತಜ್ಞತೆ. ಒಡೆಯನು ಕೇಳಿ ಪಡೆಯುವ ಋಣ ದಾಸ್ಯ. ಉಂಡವನು ತಾನಾಗಿ ಒಪ್ಪುವ ಋಣ ಸೌಜನ್ಯ. ಎರಡಕ್ಕೂ ಒಂದೇ ಹೆಸರಿದ್ದ ಮಾತ್ರಕ್ಕೆ ಮೊದಲನೆಯದನ್ನು ಕಳೆಯಹೋಗಿ ಎರಡನೆಯದನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಈ ಋಣವನ್ನು ಸಲ್ಲಿಸುವ ಬಗೆಯನ್ನು ಅದೇ ಚಾಂಗಾನಿನಿಂದ ಹೊರಟ ಯಾತ್ರಿಕನೊಬ್ಬನು ತೋರಿಸಿಕೊಟ್ಟಿದ್ದಾನೆ. ಹ್ಯುಯೆನ್ ತ್ಸಾಂಗನು ಬೌದ್ಧ ಗ್ರಂಥಗಳನ್ನು ಅರಸುತ್ತ ಭಾರತಕ್ಕೆ ಬಂದು, ಅನೇಕ ವರ್ಷಗಳ ಕಾಲ ಅನ್ಯರ ಮನೆಗಳ, ಮಠಗಳ ಅನ್ನದಿಂದ ದೇಹವನ್ನು ಪೋಷಿಸಿಕೊಂಡು, 645ರಲ್ಲಿ ತನ್ನ ನಗರಕ್ಕೆ ಹಿಂದಿರುಗಿದನು. ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಅವನು ಬರೆದಿರುವುದು ಕನ್ನಡಿಗರಿಗೆ ಪರಿಚಿತವಾದ ವಿಷಯ. ಆ ನಾಡಿನ ಜನರು ಉಪಕಾರವನ್ನು ಮರೆಯದವರೆಂಬುದೂ ಅವನು ಗುರುತಿಸಿದ ಗುಣಗಳಲ್ಲೊಂದು. ಉಂಡ ನಾಡುಗಳಿಗೆ ಅವನು ಹಣವನ್ನು ಕೊಡಲಿಲ್ಲ. ಅವುಗಳನ್ನು ಗಮನವಿಟ್ಟು ನೋಡಿದನು, ನೋಡಿದುದನ್ನು ನೆನಪಿನಲ್ಲಿಟ್ಟನು, ಮರುವರ್ಷವೇ ಗ್ರಂಥವಾಗಿ ಮುಗಿಸಿದನು. ಎಲ್ಲರೂ ಗ್ರಂಥ ಬರೆಯಲಾರರು. ಆದರೆ ಗಮನ, ನೆನಪು ಇವೆರಡನ್ನು ಸಲ್ಲಿಸುವುದು ಯಾವ ಯಾತ್ರಿಕನಿಗೂ ಶಕ್ಯ.

ಹೀಗೆ ನೋಡಿದರೆ ಸಂಜೆಯ ನಡಿಗೆಯಲ್ಲಿ ದೋಷವಿರುವುದು ನಡೆಯುವುದರಲ್ಲಲ್ಲ, ಮಾರ್ಗದರ್ಶಕನಲ್ಲಿಯೂ ಅಲ್ಲ. ಭಾಷೆ ಬಾರದ ಊರಿನಲ್ಲಿ ಅವನಿಲ್ಲದೆ ಪರದೇಶದವನು ಅಂಗಡಿಯ ಹೊಸ್ತಿಲನ್ನೂ ತುಳಿಯಲಾರನು. ದೋಷವಿರುವುದು ಹತ್ತು ಅಂಗಡಿಯಲ್ಲಿ ಹತ್ತು ತುತ್ತು ಎಂಬ ಲೆಕ್ಕದಲ್ಲಿ. ರುಚಿ ನೋಡುವುದು ಬೇರೆ, ಉಣ್ಣುವುದು ಬೇರೆ. ರುಚಿ ನೋಡುವವನು ತೀರ್ಪು ಕೊಡುತ್ತಾನೆ: ಇದು ಚೆನ್ನು, ಅದು ಸಪ್ಪೆ. ಉಣ್ಣುವವನು ತನ್ನ ಹಸಿವನ್ನು ಇನ್ನೊಬ್ಬನ ಕೈಗೆ ಒಪ್ಪಿಸುತ್ತಾನೆ. ನ್ಯಾಯಾಧಿಪತಿಗೆ ಋಣವೆಲ್ಲಿಯದು?

ಅದೇ ಕೇರಿಯ ಒಂದು ಖಾದ್ಯವು ಈ ಅವಸರಕ್ಕೆ ಒಗ್ಗುವುದಿಲ್ಲ. ಅದರ ಹೆಸರು ಯಾಂಗ್‌ರೋ ಪಾವ್‌ಮೋ. ಕುರಿಮಾಂಸದ ಅಡುಗೆಯೆಂದು ಓದುಗರಲ್ಲಿ ಕೆಲವರು ಮುಖ ತಿರುಗಿಸಬಹುದು. ಆದರೆ ಇಲ್ಲಿಯ ವಿಚಾರ ಖಾದ್ಯದ್ದಲ್ಲ, ನಡತೆಯದು. ಬಂದವನ ಮುಂದೆ ಒಂದು ಬರಿಯ ಬೋಗುಣಿಯನ್ನೂ ಗಟ್ಟಿಯಾದ ರೊಟ್ಟಿಯನ್ನೂ ಇಡುತ್ತಾರೆ. ರೊಟ್ಟಿಯನ್ನು ಅವನೇ ಬೆರಳುಗಳಿಂದ ಸೋಯಾಕಾಳಿನಷ್ಟು ಸಣ್ಣ ಚೂರುಗಳಾಗಿ ಮುರಿಯಬೇಕು. ಅದಕ್ಕೆ ಕಾಲು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ನೆರೆಯವನೊಡನೆ ಮಾತು ಆ ಹೊತ್ತಿನಲ್ಲಿಯೇ ಬೆಳೆಯುತ್ತದೆ. ಬಳಿಕ ಬೋಗುಣಿ ಅಡುಗೆಮನೆಗೆ ಹೋಗಿ, ಮಾಂಸದ ಸಾರಿನಲ್ಲಿ ಬೆಂದು, ಮುರಿದವನ ಬಳಿಗೇ ಹಿಂದಿರುಗುತ್ತದೆ. ಚೂರು ದಪ್ಪವಾದರೆ ಸಾರು ಒಳಗೆ ಇಳಿಯುವುದಿಲ್ಲ. ಉಣ್ಣುವವನ ಉದಾಸೀನವು ಅವನ ಅನ್ನದಲ್ಲಿಯೇ ಕಾಣುತ್ತದೆ. ಇಲ್ಲಿ ಅವನು ಬೆಲೆಯನ್ನೂ ಕೊಡುತ್ತಾನೆ, ಹೊತ್ತನ್ನೂ ಕೊಡುತ್ತಾನೆ. ಬೇಯಿಸಿದವನ ಶ್ರಮವೆಂದರೇನೆಂಬುದನ್ನು ಸ್ವಲ್ಪಮಟ್ಟಿಗೆ ಬೆರಳುಗಳಿಂದ ಅರಿಯುತ್ತಾನೆ. ಗಿರಾಕಿಯು ಅರೆಗಳಿಗೆಯಾದರೂ ಅಡುಗೆಯವನ ಜೊತೆಗಾರನಾಗುತ್ತಾನೆ.

ಋಣವನ್ನು ಸಲ್ಲಿಸಲು ಇನ್ನೊಂದು ದಾರಿಯೂ ಉಂಟು. ಅದು ಮನೆಯವರ ನಿಯಮವನ್ನು ಕಾಯುವುದು. ಹ್ವೇ ಜನರು ಹಂದಿಮಾಂಸವನ್ನು ಒಲ್ಲರು; ಮದ್ಯವೂ ಅವರ ಧರ್ಮಕ್ಕೆ ನಿಷಿದ್ಧ. ಅವರ ಕೇರಿಯ ನಡುವೆ ಇರುವ ಮಹಾಮಸೀದಿಯು 1392ರಲ್ಲಿ ನೆಲೆಗೊಂಡು, ಚೀನೀ ದೇವಾಲಯದಂತಹ ಮಾಡು ಹೊತ್ತು ನಿಂತಿದೆ. ಅದು ಪ್ರಾರ್ಥನೆಯ ಸ್ಥಳವೇ ಹೊರತು ತಿಂಡಿಯ ನಡುವಿನ ವಿನೋದವಲ್ಲ. ಬೀದಿಯ ಹಿಂದಣ ಓಣಿಗಳಲ್ಲಿ ಸಂಸಾರಗಳು ವಾಸವಾಗಿವೆ. ಪ್ರವಾಸಿಗಳ ದಟ್ಟಣೆಯಿಂದ ಮುಖ್ಯಬೀದಿಯನ್ನು ಬಿಟ್ಟು, ಊರಿನವರು ಪಕ್ಕದ ಬೀದಿಗಳಲ್ಲಿ ತಮ್ಮ ಊಟವನ್ನು ಅರಸುವರೆಂಬುದು ಷಿಯಾನಿನಲ್ಲಿ ಎಲ್ಲರೂ ಬಲ್ಲ ಮಾತು. ಅತಿಥಿಯು ಬಂದುದರಿಂದ ಮನೆಯವನು ಪಂಕ್ತಿಯಿಂದೇಳುವಂತಾದರೆ, ಕೊಟ್ಟ ಹಣವೆಷ್ಟಿದ್ದರೂ ಅತಿಥಿಧರ್ಮ ಉಳಿಯಿತೆನ್ನಲಾಗದು.

ಆದುದರಿಂದ ಗಾದೆಯು ಅಂಗಡಿಯ ಬಾಗಿಲಲ್ಲಿ ಸತ್ತುಹೋಗುವುದಿಲ್ಲ. ಬೆಲೆಯನ್ನು ಪೂರ್ತಿಯಾಗಿ ಕೊಡುವುದು ನ್ಯಾಯ. ಅದಕ್ಕೆ ಕಡಮೆಯಾದುದು ಕಳವು. ಬೆಲೆಯ ಮೇಲೆ ಉಳಿಯುವುದನ್ನು ಹಣದಿಂದ ಅಳೆಯದೆ, ಕುಳಿತು ಉಂಡು, ಕೇಳಿ ತಿಳಿದು, ನಿಯಮವನ್ನು ಗೌರವಿಸಿ, ಹೆಸರನ್ನು ನೆನೆದು ಸಲ್ಲಿಸತಕ್ಕದ್ದು. ಹತ್ತು ಅಂಗಡಿಗಳ ಹತ್ತು ತುತ್ತಿಗಿಂತ ಒಂದು ಅಂಗಡಿಯ ಒಂದು ಬೋಗುಣಿಯು ಈ ಕಾರ್ಯಕ್ಕೆ ಅನುಕೂಲ. ಷಿಯಾನಿನ ಮಾತು ಹಾಗಿರಲಿ. ಪ್ರತಿ ಊರಿನ ಸಂಜೆಯ ಬೀದಿಯಲ್ಲಿಯೂ ಒಲೆಯ ಮುಂದೆ ಬೆವರುತ್ತ ನಿಂತವರಿದ್ದಾರೆ. ಅವರ ಮುಖವನ್ನು ನೋಡದೆ ತಟ್ಟೆಗೆ ಮಾತ್ರ ಕೈ ನೀಡುವ ಅಭ್ಯಾಸವು ಬೆಳೆದರೆ, ನಷ್ಟವಾಗುವುದು ಅವರಿಗಿಂತ ಹೆಚ್ಚಾಗಿ ಉಂಡವರಿಗೆ.