ಏನು ಮಾಡಲಿ ಎಂಬ ಪ್ರಶ್ನೆ

ಅಡುಗೆಯಲ್ಲಿ ನುರಿತ ಗೃಹಿಣಿಯು "ಹಬ್ಬಕ್ಕೆ ಏನು ಮಾಡಲಿ?" ಎಂದು ಕೇಳಿದಾಗ ನಮ್ಮಲ್ಲಿ ಬಹುಮಂದಿ ಕೊಡುವ ಉತ್ತರ "ಏನಾದರೂ ಆದೀತು" ಎಂಬುದು. ಮೇಲ್ನೋಟಕ್ಕೆ ಇದು ನಾಲಗೆಯನ್ನು ಗೆದ್ದವನ ಮಾತು. ವಿಚಾರಿಸಿದರೆ, ಆಲೋಚಿಸುವ ಹೊಣೆಯನ್ನೂ ಆಕೆಗೇ ಹೊರಿಸಿ ತಾನು ಜಗಲಿಯಲ್ಲಿ ಪತ್ರಿಕೆ ಓದುತ್ತ ಕುಳಿತವನ ಮಾತೂ ಹೌದು. ಇದಕ್ಕೆ ವಿರುದ್ಧವಾದುದು, ಬೆಂಗಳೂರಿನಿಂದಲೋ ಕೊಲ್ಲಿ ದೇಶದಿಂದಲೋ ರಜೆಗೆ ಬರುವ ಮಕ್ಕಳು ದೂರವಾಣಿಯಲ್ಲಿ ಒಪ್ಪಿಸುವ ಪಟ್ಟಿ: ಹೋಳಿಗೆ, ಕಡುಬು, ಚಕ್ಕುಲಿ, ಕೋಡುಬಳೆ. ತಾಯಿಗೆ ಎಪ್ಪತ್ತಾಯಿತೆಂಬ ಸಂಗತಿ ಆ ಪಟ್ಟಿಯಲ್ಲಿರುವುದಿಲ್ಲ.

ಹಾಗಾದರೆ ಆಕೆಗೆ ಶ್ರಮವಾಗದಿರಲೆಂದು "ಅನ್ನ, ತಿಳಿಸಾರು ಸಾಕು" ಎನ್ನುವುದೇ ಧರ್ಮವೇ? ನಾನು ಒಪ್ಪಲಾರೆ. ಸಮರ್ಥ ವಿದ್ಯಾರ್ಥಿಗೆ ತೀರ ಸುಲಭದ ಪ್ರಶ್ನೆ ಕೊಟ್ಟರೆ ಅವನು ಹಿಗ್ಗುವುದಿಲ್ಲ; ತನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಕುಗ್ಗುತ್ತಾನೆ. (ಪ್ರಶ್ನೆಪತ್ರಿಕೆ ತಯಾರಿಸಿ ತಲೆ ನರೆತವನ ಮಾತಿದು.) ಕೈಗುಣವುಳ್ಳವರಿಗೆ ತಮ್ಮ ಕುಶಲತೆಯನ್ನು ಮೆರೆಸುವ ಸಂದರ್ಭವೂ ಬೇಕು. ದೇಹ ವಿಶ್ರಾಂತಿಯನ್ನು ಬಯಸುತ್ತದೆ, ಕೌಶಲ ಕೆಲಸವನ್ನು ಬಯಸುತ್ತದೆ. ತೊಡಕು ಇರುವುದೇ ಇಲ್ಲಿ.

ಹೋಳಿಗೆಯನ್ನೇ ನೋಡೋಣ. ಬೇಳೆ ಹದವಾಗಿ ಬೇಯಬೇಕು, ಹೂರಣ ನುಣ್ಣಗಾಗಬೇಕು, ಕಣಕ ನಾದಿ ನೆನೆಯಬೇಕು. ಇಷ್ಟಾದ ಮೇಲೂ ಅದು ಕಾವಲಿಯಿಂದ ನೇರವಾಗಿ ಎಲೆಗೆ ಬಂದರೇ ಚೆನ್ನ. ಆದ್ದರಿಂದ ಪಂಕ್ತಿಯಲ್ಲಿ ಎಲ್ಲರೂ ತುಪ್ಪ ಸುರಿದುಕೊಂಡು ಹೊಗಳುತ್ತಿರುವಾಗ ಮಾಡಿದವಳು ಒಲೆಯ ಮುಂದೆ ಬೆವರುತ್ತಿರುತ್ತಾಳೆ. ಕೊನೆಯದು, ಆರಿದ್ದು, ಅಂಚು ಹರಿದದ್ದು ಆಕೆಯ ಪಾಲಿಗೆ. ದೋಸೆ, ಪೂರಿಗಳದ್ದೂ ಇದೇ ಕಥೆ. ಹೊಗಳಿಕೆಯು ಊಟಕ್ಕೆ ಬದಲಾಗದು.

ವಯನಾಡಿನ ಕನ್ನಡ ಮೂಲದ ಜೈನ ಮನೆತನಗಳು ಪಾಲಿಸಿಕೊಂಡು ಬಂದ ರಾತ್ರಿಭೋಜನ ತ್ಯಾಗವನ್ನು ಇಲ್ಲಿ ನೆನೆಯಬೇಕು. ಅದರ ಉದ್ದೇಶ ಜೀವಹಿಂಸೆಯನ್ನು ತಪ್ಪಿಸುವುದು. ಆದರೆ ಸೂರ್ಯಾಸ್ತದೊಳಗೆ ಊಟ ಮುಗಿಯಬೇಕೆಂಬ ನಿಯಮವು ಅಡುಗೆಯಾಕೆಗೂ ಅನ್ವಯಿಸುವುದರಿಂದ, ಆಕೆಯೂ ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಅಡುಗೆಯ ಆಯ್ಕೆಯಲ್ಲಿ ಹೊತ್ತಿನ ಲೆಕ್ಕ ತಾನಾಗಿಯೇ ಸೇರಿಕೊಳ್ಳುತ್ತದೆ.

ವಿಶೇಷ ಅಡುಗೆಯೆಂದರೆ ಹತ್ತಾರು ಬಗೆಯಾಗಲಿ ದುಬಾರಿ ಪದಾರ್ಥವಾಗಲಿ ಅಲ್ಲ. 16ನೆಯ ಶತಮಾನದಲ್ಲಿ ಸೂಪಶಾಸ್ತ್ರವನ್ನು ರಚಿಸಿದ ಮೂರನೆಯ ಮಂಗರಸ ಜೈನ ಕವಿ, ಕಲ್ಲಹಳ್ಳಿಯ ಅರಸು ಮನೆತನದವನು. ಅಂಥವನೂ ಬದನೆಯ ಪಾಕವನ್ನು ಷಟ್ಪದಿಯಲ್ಲಿ ಬಣ್ಣಿಸಲು ನಾಚಲಿಲ್ಲ. ನುರಿತ ಕೈ ಬದನೆಕಾಯಿಯಲ್ಲೇ ತಿಳಿಯುತ್ತದೆ, ಗೋಡಂಬಿಯಲ್ಲಿ ಅಲ್ಲ.

ನನ್ನ ಅಭಿಪ್ರಾಯ ಇಷ್ಟು. ಕೇಳಿದಾಗ ಒಂದನ್ನು ಹೆಸರಿಸಿ ಹೇಳಬೇಕು, ಒಂದನ್ನೇ. ಆಕೆಯ ಕೈಚಳಕಕ್ಕೆ ತಕ್ಕುದಾಗಿರಬೇಕು, ಉಳಿದುದೆಲ್ಲ ಸರಳವಾಗಿರಲಿ. ಅದಕ್ಕೂ ಮುನ್ನ "ನಿನಗೇನು ತಿನ್ನಬೇಕೆನಿಸಿದೆ?" ಎಂದು ವಿಚಾರಿಸಬೇಕು. ಹೀಗೆ ಕೇಳಿಸಿಕೊಂಡ ಹೆಂಗಸರು ಮೊದಲು ನಗುತ್ತಾರೆ, ಆಮೇಲೆ "ಬೇರೆಯವರು ಮಾಡಿ ಬಡಿಸಿದ್ದು ಏನಾದರೂ" ಎನ್ನುತ್ತಾರೆ. ಗಂಡಸರು ತೆಂಗಿನಕಾಯಿ ತುರಿಯುವುದನ್ನಾದರೂ ಕಲಿತಿದ್ದರೆ ಆಗ ಉಪಯೋಗಕ್ಕೆ ಬಂದೀತು.

ನಮ್ಮ ವೆಳ್ಳಮುಂಡದ ಕಡೆಯವರಿಗಂತೂ ದೂರ ಹುಡುಕಬೇಕಾಗಿಲ್ಲ. 2010ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ವಯನಾಡಿನ ಗಂಧಕಸಾಲೆ ಅಕ್ಕಿಯಿದೆ. ಬೆಲ್ಲ, ಕಾಯಿಹಾಲು ಬೆರೆಸಿ ಅದರ ಪಾಯಸ ಮಾಡುವುದಕ್ಕೆ ಹದವರಿತ ಕೈಯೇ ಬೇಕು. ಬೆಲ್ಲಕ್ಕೆ ಮೊದಲೇ ಅಕ್ಕಿ ಬೆಂದಿರಬೇಕು, ದಪ್ಪ ಕಾಯಿಹಾಲು ಸೇರಿದ ಮೇಲೆ ಕುದಿ ಬರಬಾರದು. ಆದರೆ ಮುಂಚಿತವಾಗಿ ಮಾಡಿ ಇಳಿಸಿಡಬಹುದು. ಎಲೆ ಹಾಕುವ ಹೊತ್ತಿಗೆ ಒಲೆ ಆರಿರುತ್ತದೆ. ಸಾಲಿನಲ್ಲಿ ಆಕೆಗೂ ಒಂದು ಎಲೆ ಹಾಕಬಹುದು.