ಕೈ ನಡುಗಿದರೆ ನಾನು ನಾನಲ್ಲವೇ?

ಜೇಬಿನಲ್ಲಿರುವ ಮೊಬೈಲಿಗೆ ನನ್ನ ನಡಿಗೆ ಗೊತ್ತಿರಬೇಕೇ? ಹುಡುಗಾಟದ ಪ್ರಶ್ನೆ ಅನ್ನಿಸಬಹುದು, ಹಾಗೇನಿಲ್ಲ. ಮೊಬೈಲಿನೊಳಗೆ ಅಕ್ಸೆಲೆರೋಮೀಟರ್, ಗೈರೋಸ್ಕೋಪ್ ಎಂಬ ಪುಟ್ಟ ಸಾಧನಗಳಿವೆ. ಒಂದು ವೇಗದ ಏರಿಳಿತವನ್ನು ಅಳೆಯುತ್ತದೆ, ಇನ್ನೊಂದು ತಿರುಗುವಿಕೆಯನ್ನು. ನಾವು ಹೇಗೆ ನಡೆಯುತ್ತೇವೆ, ಫೋನನ್ನು ಎಷ್ಟು ಓರೆಯಾಗಿ ಹಿಡಿಯುತ್ತೇವೆ, ಪಿನ್ ಒತ್ತುವಾಗ ಅದು ಎಷ್ಟು ಅಲುಗುತ್ತದೆ ಎಂಬುದನ್ನೆಲ್ಲ ಕೂಡಿಸಿ, ‘ಇದು ಇಂಥವರದೇ ಕೈ’ ಎಂದು ತಂತ್ರಾಂಶ ಅಂದಾಜು ಮಾಡಬಲ್ಲದು.

ವಿದ್ಯೆ ಹಳೆಯದೇ. ತಂತಿಯ ಕಾಲದಲ್ಲಿ ಅನುಭವಸ್ಥ ಆಪರೇಟರುಗಳು ಮೋರ್ಸ್ ಸಂಕೇತದ ಲಯ ಕೇಳಿಯೇ ಆ ಕಡೆ ಕೂತವರು ಯಾರೆಂದು ಹೇಳುತ್ತಿದ್ದರು. ಉಪಯೋಗವೂ ಉಂಟು. ಪಿನ್ ಕದ್ದ ಕಳ್ಳನಿಗೆ ನಮ್ಮ ಕೈಯ ವರಸೆ ಕದಿಯುವುದು ಸುಲಭವಲ್ಲ. ದುಡಿದ ಹಣ ಒಂದು ಗಳಿಗೆಯಲ್ಲಿ ಮಾಯವಾಗುವ ಈ ಕಾಲದಲ್ಲಿ ಅದನ್ನು ಬೇಡ ಅನ್ನುವಷ್ಟು ಧಾರಾಳ ನನಗಿಲ್ಲ.

ಆದರೂ ಒಂದು ಅಳುಕು. ಮುಂಬಯಿಯ ಲೋಕಲ್ ರೈಲಿನಲ್ಲಿ ನೇತಾಡುತ್ತ ನಾನು ಪಿನ್ ಒತ್ತುವಾಗ ಅಲುಗುವುದು ನನ್ನ ಕೈಯೋ, ರೈಲೋ? ಊರಲ್ಲಿ ಕಣ್ಣು ಮಂಜಾದ ಅಜ್ಜಿ ಮೊಮ್ಮಗಳಿಗೆ ಫೋನ್ ಕೊಟ್ಟು ‘ಕರೆಂಟ್ ಬಿಲ್ ಕಟ್ಟು ಮಗಾ’ ಅಂದರೆ, ಯಂತ್ರಕ್ಕೆ ಕಾಣುವುದು ಪರಕೀಯ ಕೈ. ಅಜ್ಜಿಯ ನಂಬಿಕೆ ಅದಕ್ಕೆ ಕಾಣುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗತೊಡಗಿದವರ ಗತಿಯೇನು? ಅವರ ಗುರುತೇ ಅವರಿಗೆ ಎದುರು ಸಾಕ್ಷಿ ಹೇಳಬಹುದು. ಗುರುತಿಗೆಂದು ಓದಿದ ನಡುಕ ಕಾಯಿಲೆಯ ಸುಳಿವನ್ನೂ ಕೊಟ್ಟೀತು.

ಮನೆಮಂದಿ ನಮ್ಮನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಾರೆ. ಹೆಜ್ಜೆ ಬೇರೆಯಾಗಿ ಕೇಳಿಸಿದರೆ ‘ಕಾಲಿಗೇನಾಯ್ತೋ?’ ಅನ್ನುತ್ತಾರೆ. ಯಂತ್ರ ಅದೇ ಬದಲಾವಣೆ ಕಂಡು ‘ನೀನು ಯಾರು?’ ಅನ್ನುತ್ತದೆ. ಗುರುತಿಸುವುದಕ್ಕೂ ಬಲ್ಲವರಾಗುವುದಕ್ಕೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು. ಪರಸ್ಥಳದಲ್ಲಿ ಬಾಳುವವರಿಗೆ ಅದು ಬೇಗ ತಿಳಿಯುತ್ತದೆ, ಏಕೆಂದರೆ ಇಲ್ಲಿ ನಮ್ಮನ್ನು ಗುರುತಿಸುವ ಕಾರ್ಡುಗಳು ಬಹಳ, ಬಲ್ಲವರು ಕಡಿಮೆ.

ಇನ್ನು ಒಪ್ಪಿಗೆಯ ಮಾತು. ಆಂಡ್ರಾಯ್ಡ್ ಫೋನಿನಲ್ಲಿ ಕ್ಯಾಮೆರಾ, ಮೈಕ್ ಬಳಸಲು ಆ್ಯಪ್ ನಮ್ಮ ಅನುಮತಿ ಕೇಳಬೇಕು. ಈ ಸಾಧನಗಳನ್ನು ಸಾಮಾನ್ಯ ವೇಗದಲ್ಲಿ ಓದಲು ಹಾಗೆ ಕೇಳಬೇಕಿಲ್ಲ. ಪಿನ್ ಸೋರಿದರೆ ಬದಲಾಯಿಸಬಹುದು. ನಡಿಗೆಯ ದಾಖಲೆ ಸೋರಿದರೆ ಹೊಸ ನಡಿಗೆ ಎಲ್ಲಿಂದ ತರೋಣ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕೇನೋ ಇದೆ, ಅದು ನಮ್ಮ ಜೇಬಿನವರೆಗೂ ಬರಬೇಕಲ್ಲ?

ನನ್ನ ಮಟ್ಟಿಗೆ ಷರತ್ತು ಮೂರೇ. ಓದುವ ಮೊದಲು ಕೇಳಲಿ. ಓದಿದ್ದು ಫೋನಿನಿಂದ ಹೊರಗೆ ಹೋಗದಿರಲಿ. ಸಂಶಯ ಬಂದಾಗ ಬಾಗಿಲು ಹಾಕುವ ಬದಲು ಇನ್ನೊಂದು ಪ್ರಶ್ನೆ ಕೇಳಲಿ. ಕಾವಲುಗಾರ ಬೇಕು, ನಿಜ. ಯಜಮಾನನ ಕೈ ನಡುಗಿತೆಂದು ಅವನನ್ನೇ ಹೊರಗೆ ನಿಲ್ಲಿಸುವ ಕಾವಲು ಯಾರ ಮನೆಯನ್ನು ಕಾಯುತ್ತದೆ?